ತಿರುಗಿ ಹೇಳಿಸುವ ಕಸುಬು

ಪುತ್ತೂರು, ಸುಳ್ಯ, ಕಡಬದವರು ಗಲ್ಫಿಗೆ ವಿಮಾನ ಹತ್ತುವುದು ಹೆಚ್ಚಾಗಿ ಬಜ್ಪೆಯಲ್ಲಿ. ಗುಡ್ಡದ ನೆತ್ತಿಯ ಆ ರನ್‌ವೇಗೆ ಮಳೆಮೋಡ ಕವಿದಾಗ ಗೋಪುರದ ನಿಯಂತ್ರಕರನ್ನು ನೆನೆಯುತ್ತೇನೆ. ಅವರು ಹೇಳಿದ ಎತ್ತರ, ದಿಕ್ಕು, ರನ್‌ವೇ ಸಂಖ್ಯೆಯನ್ನು ಪೈಲಟ್ ತಿರುಗಿ ಒಪ್ಪಿಸಬೇಕು. ಒಂದಂಕಿ ತಪ್ಪಿದರೂ ನಿಯಂತ್ರಕರು ಅಲ್ಲೇ ತಿದ್ದಬೇಕು. ದಣಿದ ಕಿವಿ ತಾನು ನಿರೀಕ್ಷಿಸಿದ್ದನ್ನೇ ಕೇಳಿಸಿಕೊಂಡುಬಿಡುತ್ತದೆ, ಕಷ್ಟ ಇರುವುದೇ ಅಲ್ಲಿ. 1977ರಲ್ಲಿ ಟೆನೆರಿಫ್‌ನಲ್ಲಿ ರೇಡಿಯೊ ಮಾತು ಅರೆಬರೆ ಅರ್ಥವಾಗಿ, ಎರಡು ವಿಮಾನ ಡಿಕ್ಕಿಯಾಗಿ 583 ಜನ ಸತ್ತರು.

ನಮ್ಮ ಬಜ್ಪೆಯಲ್ಲಿ 2010ರ ಮೇ 22ರ ವಿಮಾನ ದುರಂತದಲ್ಲಿ 158 ಜೀವ ಹೋದದ್ದು ನಿಯಂತ್ರಕರ ತಪ್ಪಿನಿಂದಲ್ಲ. ಸಹಪೈಲಟ್ ಮೂರು ಸಲ ಎಚ್ಚರಿಸಿದರೂ ಕ್ಯಾಪ್ಟನ್ ಇಳಿಸುವುದನ್ನು ಕೈಬಿಡಲಿಲ್ಲ ಎಂದಿತು ತನಿಖೆ. ಕೇಳಿಸಿಕೊಳ್ಳುವುದನ್ನೇ ಕಸುಬಾಗಿಸಿಕೊಂಡವರ ಮೇಲೆ ನನ್ನ ಗೌರವ ಇಮ್ಮಡಿಯಾದದ್ದು ಆಗ. ಪಾಳಿ ಮುಗಿದವರೂ ತಟ್ಟನೆ ಎದ್ದು ಹೋಗುವುದಿಲ್ಲ; ಯಾವ ವಿಮಾನ ಎಲ್ಲಿದೆ, ಯಾರಿಗೆ ಏನು ಹೇಳಿಯಾಗಿದೆ ಎಂದು ಒಂದೊಂದಾಗಿ ಒಪ್ಪಿಸಿಯೇ ಕುರ್ಚಿ ಬಿಡುತ್ತಾರೆ.