ಕಲ್ಪಿತ ಲೋಕಕ್ಕೆ ಪ್ರಮಾಣ ಯಾವುದು?

ಇಲ್ಲದ ಊರಿನ ಇತಿಹಾಸಕ್ಕಾಗಿ ಇರುವ ಜನ ಕಾದಾಡುವುದನ್ನು ಕಂಡು ನಗುವುದು ಸುಲಭ. ವಿಡಿಯೊ ಆಟವೊಂದರಲ್ಲಿ ಬರುವ ಸೇನಾಪತಿಯೊಬ್ಬನನ್ನು ಕೊಂದವರು ಯಾರೆಂದು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ವಾದಿಸುತ್ತ ಬಂದಿರುವ ಅಭಿಮಾನಿಗಳಿದ್ದಾರೆ ಎಂದರೆ, ಉದ್ಯೋಗವಿಲ್ಲದವರ ಕಾಲಹರಣವೆಂದು ಅನೇಕರು ಪುಟ ತಿರುವಿಯಾರು. ಆದರೆ ಕನ್ನಡದ ವಾಚಕರು ಅಷ್ಟು ಅವಸರ ಪಡುವಂತಿಲ್ಲ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಮಡದಿ. ನಾಗಚಂದ್ರನ ರಾಮಕಥೆಯಲ್ಲಿ ರಾವಣನು ಮಡಿಯುವುದು ಲಕ್ಷ್ಮಣನ ಕೈಯಿಂದ. ‘ಹಾಗಾದರೆ ನಿಜವಾಗಿ ನಡೆದದ್ದೇನು?’ ಎಂದು ತರಗತಿಯಲ್ಲಿ ಕೇಳುವ ವಿದ್ಯಾರ್ಥಿಗಳುಂಟು. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಹೇಳುವ ಅಧಿಕಾರ ಯಾರದು ಎಂಬುದು ಅದಕ್ಕಿಂತ ತೊಡಕಿನ ಪ್ರಶ್ನೆ.

ಅಮೆರಿಕದ ಮೇರಿಲೆಂಡಿನಲ್ಲಿ ಬೆಥೆಸ್ಡ ಎಂಬ ಸಂಸ್ಥೆಯಿದೆ. 1994ರಿಂದ ಅದು ‘ದಿ ಎಲ್ಡರ್ ಸ್ಕ್ರೋಲ್ಸ್’ ಎಂಬ ಆಟಗಳ ಮಾಲೆಯನ್ನು ಹೊರತರುತ್ತ ಬಂದಿದೆ. ಟ್ಯಾಮ್ರಿಯೆಲ್ ಎಂಬ ಖಂಡ, ಅಲ್ಲಿ ಮನುಷ್ಯರು, ಯಕ್ಷರನ್ನು ಹೋಲುವ ನೀಳಗಿವಿಯ ಜನಾಂಗಗಳು, ದೇವತೆಗಳು, ಸಾಮ್ರಾಜ್ಯಗಳು. ಆಡುವವನು ಈ ಲೋಕದೊಳಗೆ ಬೇಕಾದ ಕಡೆ ಅಲೆಯಬಹುದು, ಹೋರಾಡಬಹುದು. ಈ ಆಟಗಳ ವಿಶೇಷವೆಂದರೆ ಅವುಗಳೊಳಗೆ ನೂರಾರು ಪುಸ್ತಕಗಳಿವೆ. ಮನೆ, ಮಠ, ಗುಹೆಗಳಲ್ಲಿ ಸಿಕ್ಕಿದ ಪುಸ್ತಕವನ್ನು ತೆರೆದು ಓದಬಹುದು. ಚರಿತ್ರೆ, ಪುರಾಣ, ಮತಬೋಧೆ, ಪ್ರವಾಸಕಥನ ಎಲ್ಲವೂ ಅವುಗಳಲ್ಲಿ ಉಂಟು. ಆದರೆ ಪ್ರತಿಯೊಂದನ್ನೂ ಬರೆದವನು ಆ ಲೋಕದ ಒಬ್ಬ ವ್ಯಕ್ತಿ. ಅವನಿಗೆ ಅವನದೇ ಪಕ್ಷ, ಅವನದೇ ಅಜ್ಞಾನ. ಆದುದರಿಂದ ಪುಸ್ತಕಗಳು ಒಂದನ್ನೊಂದು ಅಲ್ಲಗಳೆಯುತ್ತವೆ.

2002ರಲ್ಲಿ ಬಂದ ‘ಮಾರೋವಿಂಡ್’ ಇದಕ್ಕೆ ಉತ್ತಮ ನಿದರ್ಶನ. ಆ ದೇಶದಲ್ಲಿ ನೆರೆವರ್ ಎಂಬ ನಾಯಕನಿದ್ದನು. ಕೆಂಪು ಬೆಟ್ಟದ ಯುದ್ಧದ ತರುವಾಯ ಅವನು ಸತ್ತನು. ಅವನ ಮೂವರು ಸಲಹೆಗಾರರು ಬೆಟ್ಟದಡಿಯ ದಿವ್ಯಶಕ್ತಿಯನ್ನು ಬಳಸಿ ದೇವರುಗಳಾದರು. ನೆರೆವರ್ ಯುದ್ಧದ ಗಾಯಗಳಿಂದ ಸತ್ತನೆಂದು ಆ ಮೂವರು ದೇವರುಗಳ ಪಕ್ಷದವರ ಹೇಳಿಕೆ. ಆ ಮೂವರೇ ಅವನನ್ನು ಕೊಂದರೆಂದು ಬೂದಿನೆಲದ ಅಲೆಮಾರಿಗಳ ಪರಂಪರೆ. ನೆರೆವರನ ಗುರಾಣಿ ಹಿಡಿಯುತ್ತಿದ್ದ ಸೇವಕನೊಬ್ಬ ಬದುಕಿ ಬಂದು ತಮಗೆ ಹೇಳಿದನೆಂದು ಅವರ ಆಧಾರ. ಆಡುವವನಾದರೋ ನೆರೆವರನೇ ಮರುಹುಟ್ಟು ಪಡೆದು ಬಂದವನೆಂಬ ಭವಿಷ್ಯವಾಣಿಯನ್ನು ಹೊತ್ತು ತಿರುಗುವವನು. ಮೂವರಲ್ಲಿ ಒಬ್ಬನಾದ ವಿವೆಕನ ಎದುರು ನಿಂತಾಗ, ಈತ ನನ್ನ ಮಿತ್ರನೋ ನನ್ನನ್ನು ಕೊಂದವನೋ ಎಂಬ ಸಂದೇಹ ಅವನಿಗೆ ಬರಲೇಬೇಕು.

ವಿವೆಕನು ಕವಿಯೂ ಹೌದು. ಅವನು ಬರೆದನೆನ್ನಲಾದ ಮೂವತ್ತಾರು ಬೋಧೆಗಳು ಆಟದಲ್ಲಿ ಬಿಡಿಬಿಡಿಯಾಗಿ ದೊರೆಯುತ್ತವೆ. ಅವುಗಳ ಭಾಷೆ ಒಗಟಿನಂಥದು. ಇಪ್ಪತ್ತೊಂಬತ್ತನೆಯ ಬೋಧೆಯಲ್ಲಿ ಅಂಕಿಗಳ ಒಂದು ಪಟ್ಟಿಯಿದೆ. ಆ ಅಂಕಿಗಳ ಜಾಡು ಹಿಡಿದು ಒಂದೊಂದು ಬೋಧೆಯಿಂದಲೂ ಪದಗಳನ್ನು ಹೆಕ್ಕಿ ಜೋಡಿಸಿದರೆ ಒಂದು ತಪ್ಪೊಪ್ಪಿಗೆ ಹೊರಬೀಳುತ್ತದೆ: ತಾನು ಹುಟ್ಟಾ ದೇವರಲ್ಲವೆಂದೂ, ಕೊಂದು ದೈವತ್ವವನ್ನು ಕದ್ದವನೆಂದೂ. ಅಭಿಮಾನಿಗಳು ಇದನ್ನು ಬಿಡಿಸಿ ಓದಿದರು. ವಾದ ಅಲ್ಲಿಗೂ ಮುಗಿಯಲಿಲ್ಲ. ಬಹಿರಂಗದಲ್ಲಿ ಒಂದು, ಗುಪ್ತದಲ್ಲಿ ಇನ್ನೊಂದು ಹೇಳುವವನ ಗುಪ್ತವಾಕ್ಯವನ್ನಾದರೂ ನಂಬುವುದೆಂತು? ಯಾರು ಹೇಳಿದರು, ಯಾವಾಗ, ಯಾರಿಗಾಗಿ, ಯಾವ ಲಾಭಕ್ಕಾಗಿ ಎಂದು ಹದಿಹರೆಯದ ಹುಡುಗರು ಕೂಡ ತೂಗಿ ನೋಡುತ್ತಾರೆ. ನಮ್ಮ ಗ್ರಂಥಸಂಪಾದಕರು ಓಲೆಪ್ರತಿಗಳನ್ನಿಟ್ಟುಕೊಂಡು ಮಾಡುವ ಕೆಲಸಕ್ಕೂ ಇದಕ್ಕೂ ಇರುವ ಅಂತರ ನಾವೆಣಿಸಿದಷ್ಟು ದೊಡ್ಡದಲ್ಲ. ಇಲ್ಲಿಯ ವಿರೋಧ ಲೇಖಕರ ಮರೆವಿನಿಂದ ಹುಟ್ಟಿದುದಲ್ಲ, ಕೃತಿಯ ಉದ್ದೇಶದಿಂದಲೇ ಬಂದುದು. ಆದುದರಿಂದ ಅದು ಓದುಗನನ್ನು ಬೆಳೆಸುತ್ತದೆ.

ಎಲ್ಲ ವಿರೋಧಗಳೂ ಇಷ್ಟು ಸಾರ್ಥಕವಲ್ಲ. 1996ರ ‘ಡ್ಯಾಗರ್‌ಫಾಲ್’ ಆಟದಲ್ಲಿ ಮಹಾಯಂತ್ರವೊಂದನ್ನು ಆಳುವ ಅಧಿಕಾರವನ್ನು ಯಾರಿಗೆ ಕೊಡಬೇಕೆಂಬುದು ಆಡುವವನ ಇಚ್ಛೆ. ಕೊಟ್ಟವರಿಗೆ ತಕ್ಕಂತೆ ಮುಕ್ತಾಯವೂ ಬೇರೆ ಬೇರೆ. ಮುಂದಿನ ಕಥೆ ಯಾವ ಮುಕ್ತಾಯದಿಂದ ಹೊರಡಬೇಕು? ಸಂಸ್ಥೆ ಒಂದನ್ನು ಆರಿಸಿ ಉಳಿದವನ್ನು ಸುಳ್ಳು ಮಾಡಲಿಲ್ಲ. ಕಾಲಪುರುಷನಾದ ಘಟಸರ್ಪವೇ ಒಡೆಯಿತು, ಎಲ್ಲವೂ ಒಟ್ಟಿಗೆ ನಡೆಯಿತು ಎಂದಿತು. ಇದು ಗ್ರಂಥಕರ್ತರ ಅನುಕೂಲಕ್ಕೆ ಹೂಡಿದ ಉಪಾಯವೆನ್ನುವುದರಲ್ಲಿ ಸಂದೇಹವಿಲ್ಲ. ಆದರೆ ‘ಮಾರೋವಿಂಡ್’ನಲ್ಲಿಯೇ, ಹಿಂದಿನ ಯುಗದಲ್ಲಿ ಕಾಲ ಒಡೆದಿತ್ತೆಂಬುದು ಬರಿಯ ಕಟ್ಟುಕಥೆ, ಕಾಲಗಣನೆಯ ತಪ್ಪಿನಿಂದ ಹುಟ್ಟಿದ್ದು ಎಂದು ಸಾಧಿಸುವ ಪಂಡಿತನೊಬ್ಬನ ಗ್ರಂಥವೂ ಇದೆ. ಕವಿಗಳ ಕಾಲನಿರ್ಣಯದ ವಾದಗಳನ್ನು ಓದಿದವರಿಗೆ ಆ ಪಂಡಿತನ ಧಾಟಿ ಪರಿಚಿತವೆನಿಸೀತು. ತನ್ನ ಉಪಾಯವನ್ನು ತಾನೇ ಶಂಕಿಸಲು ಎಡೆಗೊಟ್ಟಿತೆಂಬುದರಿಂದ ಈ ತೇಪೆ ಕಲೆಯ ಸಮೀಪಕ್ಕೆ ಬಂದಿದೆ.

ಮೂರನೆಯ ಬಗೆ ಇದಕ್ಕಿಂತ ಕೆಳಗಿನದು. 1998ರ ‘ರೆಡ್‌ಗಾರ್ಡ್’ ಆಟದೊಡನೆ ಬಂದ ಕೈಹೊತ್ತಿಗೆಯಲ್ಲಿ ಸಾಮ್ರಾಜ್ಯದ ನಡುನಾಡಾದ ಸಿರೊಡಿಲ್ ದಟ್ಟ ಉಷ್ಣವಲಯದ ಕಾಡೆಂದಿತ್ತು. 2006ರ ‘ಆಬ್ಲಿವಿಯನ್’ ಆಟದಲ್ಲಿ ಆ ನಾಡು ಕಣ್ಣಿಗೆ ಬಿದ್ದಾಗ ಅಲ್ಲಿ ಹುಲ್ಲುಗಾವಲು, ತಂಪು ಸೀಮೆಯ ಮರಗಳು. ಕಾಡೆಲ್ಲಿ ಹೋಯಿತು? ದೈವತ್ವ ಪಡೆದ ಚಕ್ರವರ್ತಿ ನೆಲವನ್ನೇ ಮಾರ್ಪಡಿಸಿದನೆಂಬ ಸೂಚನೆಯನ್ನು ಅದೇ ಆಟದ ಒಂದು ಪುಸ್ತಕದಲ್ಲಿ ಕೆಲವರು ಕಂಡರು. 2014ರ ಆನ್‌ಲೈನ್ ಆಟದಲ್ಲಿನ ಪಂಡಿತನೊಬ್ಬ, ಅದು ಲಿಪಿಕಾರನ ಪ್ರಮಾದವಿದ್ದೀತೆಂದು ಊಹಿಸಿದನು. ಒಂದು ಪವಾಡ, ಒಂದು ಲಿಪಿದೋಷ! ಚತುರತೆ ಎರಡರಲ್ಲಿಯೂ ಇದೆ. ಆದರೆ ನಿರ್ಮಾಪಕರು ತಮ್ಮ ನಾಡಿನ ಚಿತ್ರವನ್ನು ಬದಲಿಸಿದರು ಎಂಬ ಸರಳ ಸತ್ಯವನ್ನು ಹೇಳಲು ಅಭಿಮಾನಿಗೆ ನಾಲಗೆ ಏಳುವುದಿಲ್ಲ. ಒಡೆಯರ ಪ್ರತಿಯೊಂದು ಬದಲಾವಣೆಗೂ ಶಾಸ್ತ್ರಾರ್ಥ ಹುಡುಕುವುದು ವಿಮರ್ಶೆಯಲ್ಲ, ಆಸ್ಥಾನ ಪಾಂಡಿತ್ಯ.

ಇಲ್ಲಿಂದ ‘ಕ್ಯಾನನ್’ ಎಂಬ ಶಬ್ದದ ಜಗಳಕ್ಕೆ ಬರಬಹುದು. ಕ್ರೈಸ್ತ ಮತದಲ್ಲಿ ಅಂಗೀಕೃತ ಗ್ರಂಥಗಳನ್ನು ಹೆಸರಿಸುತ್ತಿದ್ದ ಈ ಮಾತನ್ನು ಷೆರ್ಲಾಕ್ ಹೋಮ್ಸನ ಭಕ್ತರು ಕಥೆಗಳಿಗೆ ಹಚ್ಚಿದರು. 1911ರಲ್ಲಿ ರೊನಾಲ್ಡ್ ನಾಕ್ಸ್ ಹೋಮ್ಸ್ ಕಥೆಗಳನ್ನು ಧರ್ಮಗ್ರಂಥಗಳಂತೆ ಪರಿಶೀಲಿಸಿ ವಿನೋದ ಪ್ರಬಂಧವನ್ನು ಓದಿದ ಮೇಲೆ ಅದೊಂದು ವಿದ್ವದ್ವಿನೋದವೇ ಆಯಿತು. ಡಾಕ್ಟರ್ ವಾಟ್ಸನನ ಗಾಯ ಒಂದು ಕಥೆಯಲ್ಲಿ ಹೆಗಲಿಗೆ, ಇನ್ನೊಂದರಲ್ಲಿ ಕಾಲಿಗೆ ಏಕೆ ಎಂದು ತಲೆ ಕೆಡಿಸಿಕೊಂಡವರು ತಾವು ಆಡುತ್ತಿರುವುದು ಆಟವೆಂದು ಬಲ್ಲವರಾಗಿದ್ದರು. ಇಂದು ಆ ನಗೆ ಮಾಯವಾಗಿದೆ. 2014ರಲ್ಲಿ ‘ಸ್ಟಾರ್ ವಾರ್ಸ್’ನ ಒಡೆತನದ ಸಂಸ್ಥೆ ಒಂದು ಪ್ರಕಟಣೆಯಿಂದ ಹಲವು ದಶಕಗಳ ಕಾದಂಬರಿಗಳನ್ನು ‘ದಂತಕಥೆ’ಗಳ ಸಾಲಿಗೆ ಸರಿಸಿತು. ಓದಿ ಅತ್ತು ನಕ್ಕವರ ಅನುಭವವೂ ಅದರೊಡನೆ ರದ್ದಾಯಿತೆ?

ಟ್ಯಾಮ್ರಿಯೆಲ್‌ನ ಅಭಿಮಾನಿಗಳಲ್ಲಿ ಒಂದು ಪಕ್ಷಕ್ಕೆ ಸಂಸ್ಥೆ ಹೊರತಂದದ್ದಷ್ಟೇ ಪ್ರಮಾಣ. ವಿವೆಕನ ಬೋಧೆಗಳನ್ನು ಬರೆದ ಮೈಕೆಲ್ ಕರ್ಕ್‌ಬ್ರೈಡ್ ಅವರು ಸಂಸ್ಥೆಯನ್ನು ಬಿಟ್ಟ ಮೇಲೂ ಅದೇ ಲೋಕವನ್ನು ಕುರಿತು ಬರೆದರು. ಆ ಬರಹಗಳು ಇವರಿಗೆ ಅಗ್ರಾಹ್ಯ. ಬರೆದ ಕೈ ಅದೇ, ಪ್ರತಿಭೆ ಅದೇ. ಬದಲಾದದ್ದು ಸಂಬಳದ ಪಟ್ಟಿ. ಇನ್ನೊಂದು ಪಕ್ಷ 2014ರಲ್ಲಿ ಕರ್ಕ್‌ಬ್ರೈಡ್ ಪ್ರಕಟಿಸಿದ ‘ಕೋಡಾ’ ಎಂಬ ಚಿತ್ರಕಥೆಯ ಬೆನ್ನಿಗೆ ನಿಂತು, ಅವರವರ ಟ್ಯಾಮ್ರಿಯೆಲ್ ಅವರವರಿಗೆ ನಿಜ ಎನ್ನುತ್ತದೆ. ಕೇಳಲು ಉದಾರವಾದ ಮಾತು. ಆದರೆ ಎಲ್ಲವೂ ನಿಜವಾದರೆ ನೆರೆವರನನ್ನು ಯಾರೂ ಕೊಲ್ಲಲಿಲ್ಲವೆಂಬುದೂ ನಿಜ. ಬೂದಿನೆಲದ ಅಲೆಮಾರಿಗಳು ತಲೆತಲಾಂತರದಿಂದ ಹೊತ್ತು ತಂದ ದೂರಿಗೆ ಬೆಲೆಯೇ ಉಳಿಯದು. ಮೊದಲನೆಯ ಪಕ್ಷ ತೀರ್ಪನ್ನು ಒಡೆಯನಿಗೆ ಒಪ್ಪಿಸಿತು. ಎರಡನೆಯದು ನ್ಯಾಯಾಲಯವನ್ನೇ ಮುಚ್ಚಿತು.

ಶ್ರುತಿಸ್ಮೃತಿಗಳಿಗೆ ವಿರೋಧ ಬಂದಲ್ಲಿ ಶ್ರುತಿಯೇ ಬಲವತ್ತರವೆಂದು ನಮ್ಮ ಮೀಮಾಂಸಕರು ಅಂತಸ್ತನ್ನು ಕಟ್ಟಿದರು. ಆದರೆ ಅಂತಸ್ತು ಗೊತ್ತಾದ ಮಾತ್ರಕ್ಕೆ ಅರ್ಥ ಗೊತ್ತಾಗಲಿಲ್ಲ. ಅರ್ಥಕ್ಕಾಗಿ ಅವರು ಬೇರೆಯೇ ಬೆವರು ಸುರಿಸಬೇಕಾಯಿತು. ಸಂಸ್ಥೆಯ ಮಾತಿಗೂ ಅಷ್ಟೇ ಮರ್ಯಾದೆ ಸಾಕು. ಮುಂದಿನ ಆಟವನ್ನು ಯಾವ ತಳಹದಿಯ ಮೇಲೆ ಕಟ್ಟಬೇಕೆಂದು ಅದು ಗೊತ್ತುಮಾಡಲಿ. ಬರೆದದ್ದರಲ್ಲಿ ಯಾವುದು ಸೊಗಸು, ಯಾವ ಸಾಕ್ಷಿ ನಂಬುಗೆಗೆ ಅರ್ಹ ಎಂಬುದು ಓದಿದವರ ಹೊಣೆ. 2021ರಲ್ಲಿ ಮೈಕ್ರೊಸಾಫ್ಟ್ ಬೆಥೆಸ್ಡದ ಮಾತೃಸಂಸ್ಥೆಯನ್ನು ಕೊಂಡಿತು. ಕ್ರಯಪತ್ರದಲ್ಲಿ ಟ್ಯಾಮ್ರಿಯೆಲ್ ಸೇರಿರಬಹುದು. ಕೆಂಪು ಬೆಟ್ಟದಲ್ಲಿ ನಡೆದದ್ದೇನೆಂಬ ವಿವೇಚನೆ ಸೇರಿಲ್ಲ.

ಈ ಮಾಲೆಯ ಆರನೆಯ ಆಟವನ್ನು 2018ರಲ್ಲಿಯೇ ಘೋಷಿಸಿದ್ದಾರೆ. ಹಳೆಯ ವ್ಯಾಜ್ಯಗಳಿಗೆಲ್ಲ ಅದು ಕೊನೆಯ ತೀರ್ಪು ಕೊಟ್ಟೀತೆಂದು ಕಾಯುವವರಿದ್ದಾರೆ. ಕೊಡದಿರಲಿ ಎಂದು ಈ ಲೇಖಕನ ಆಸೆ. ಕೊಟ್ಟರೂ ಅದನ್ನು ಇನ್ನೊಂದು ಸಾಕ್ಷಿಯೆಂದೇ ಎಣಿಸಿ, ಪಾಟೀಸವಾಲಿಗೆ ನಿಲ್ಲಿಸುವಷ್ಟು ಎದೆಗಾರಿಕೆ ಅಭಿಮಾನಿಗಳಿಗೆ ಇರಲಿ.