ಬುದ್ಧಿಲಬ್ಧ: ನಯವೋ, ಪ್ರಮಾಣವೋ?

ಜೀವದ ಲಕ್ಷಣ ಉಪಯೋಗ, ಅಂದರೆ ಜ್ಞಾನ-ದರ್ಶನ, ಎಂಬುದು ನಮ್ಮ ಸಿದ್ಧಾಂತದ ಮೊದಲ ಪಾಠ. ಆ ಜ್ಞಾನಶಕ್ತಿಯನ್ನು ಅಲ್ಪಕಾಲದ ಒಂದು ಪರೀಕ್ಷೆಯಿಂದ ಅಳೆದು ಒಂದೇ ಅಂಕಿಯಲ್ಲಿ ಹೇಳಬಹುದೆಂಬ ನಂಬಿಕೆ ಇಂದು ನಮ್ಮ ಮನೆಗಳನ್ನೂ ಪ್ರವೇಶಿಸಿದೆ. ಬುದ್ಧಿಲಬ್ಧ, ಅಂದರೆ ಐ.ಕ್ಯೂ., ಎಂಬ ಆ ಅಂಕಿ ನಿಜವಾಗಿ ಏನನ್ನು ಅಳೆಯುತ್ತದೆ ಎಂಬುದನ್ನು ಪರಾಮರ್ಶಿಸುವುದು ಅವಶ್ಯಕ.

1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಇಂಥ ಪರೀಕ್ಷೆಯನ್ನು ರಚಿಸಿದ್ದು ಪಾಠದಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಬೋಧನೆ ಒದಗಿಸಲೆಂದು. ಬುದ್ಧಿಯೆಂಬುದು ಹೆಚ್ಚಿಸಲಾಗದ ನಿಶ್ಚಿತ ಮೊತ್ತವೆಂಬ ಮತವನ್ನು ಬಿನೆ ಸ್ವತಃ ಖಂಡಿಸಿದ್ದರು. ಮುಂಬಯಿ-ಕರ್ನಾಟಕ ಭಾಗದ ಮಕ್ಕಳಿಗಾಗಿ ವಿ. ವಿ. ಕಾಮತರು ಆ ಪರೀಕ್ಷೆಯನ್ನು ಕನ್ನಡ, ಮರಾಠಿಗಳಿಗೆ ಅಳವಡಿಸಿದರು. ಅವರ ಗ್ರಂಥ 1940ರಲ್ಲಿ ಪ್ರಕಟವಾಯಿತು.

ಇಂದಿನ ಪರೀಕ್ಷೆಗಳಲ್ಲಿ ಸಮವಯಸ್ಕರ ಸರಾಸರಿಯನ್ನು 100 ಎಂದಿಟ್ಟುಕೊಳ್ಳುತ್ತಾರೆ. ಸುಮಾರು ಮೂರರಲ್ಲಿ ಎರಡು ಪಾಲು ಜನ 85ರಿಂದ 115ರೊಳಗೆ ಬರುತ್ತಾರೆ. ಆದುದರಿಂದ ಇದು ಸೇರಿನಲ್ಲಿ ಅಕ್ಕಿ ಅಳೆದಂಥ ಪರಿಮಾಣವಲ್ಲ, ಸಾಲಿನಲ್ಲಿ ನಿಂತವನ ಸ್ಥಾನ ಮಾತ್ರ. ಪದಜ್ಞಾನ, ಸ್ಮರಣೆ, ತರ್ಕ, ವೇಗ ಇವುಗಳನ್ನು ಅದು ತಕ್ಕಮಟ್ಟಿಗೆ ಅಳೆಯುತ್ತದೆ. ಶಾಲೆಯ ಪ್ರಗತಿಯೊಡನೆ ಅದಕ್ಕೆ ಸಂಬಂಧವೂ ಉಂಟು. ಇಷ್ಟನ್ನು ಒಪ್ಪದಿರುವುದು ಏಕಾಂತವಾದೀತು. ಆದರೆ ಕ್ಷಮೆ, ದಯೆ, ಸಂಯಮ, ಹಿತಾಹಿತ ವಿವೇಕ ಆ ಅಳತೆಯೊಳಗೆ ಬರುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅನೇಕ ದೇಶಗಳ ಅಂಕಗಳು ದಶಕಕ್ಕೆ ಸುಮಾರು 3ರಂತೆ ಏರಿದುದನ್ನು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ಒಂದೆರಡು ತಲೆಮಾರಿನಲ್ಲಿ ವಂಶಗುಣ ಅಷ್ಟು ಬದಲಾಗದು. ವಿದ್ಯೆ, ಆಹಾರ, ಪರಿಸರ ಬದಲಾದರೆ ಅಂಕಿಯೂ ಬದಲಾಗುತ್ತದೆ ಎಂಬುದೇ ಇದರ ತಾತ್ಪರ್ಯ.

ಒಂದು ನಯವು ಇತರ ನಯಗಳನ್ನು ನಿರಾಕರಿಸಿದಾಗ ದುರ್ನಯವಾಗುತ್ತದೆ. ಅದರ ಫಲಕ್ಕೆ ಅಮೆರಿಕದ ವರ್ಜೀನಿಯಾದ ಕ್ಯಾರಿ ಬಕ್ ಪ್ರಕರಣವೇ ಸಾಕ್ಷಿ. ಬಿನೆ ಮಾದರಿಯ ಪರೀಕ್ಷೆಯಲ್ಲಿ ಆಕೆಯ ಮಾನಸಿಕ ವಯಸ್ಸು ಒಂಬತ್ತೆಂದು ಗಣಿಸಿ, ಆಕೆಯನ್ನು ಮಂದಮತಿಯೆಂದು ನಿರ್ಧರಿಸಲಾಯಿತು. ಬಲವಂತದ ಸಂತಾನಹರಣಕ್ಕೆ 1927ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಸಮ್ಮತಿಯಿತ್ತಿತು. ಹಸುಗೂಸಾಗಿದ್ದಾಗಲೇ ಸಹಜವಲ್ಲವೆನಿಸಿಕೊಂಡ ಆಕೆಯ ಮಗಳು ಮುಂದೆ ಶಾಲೆಯಲ್ಲಿ ಗೌರವಪಟ್ಟಿಯಲ್ಲಿ ಸ್ಥಾನ ಪಡೆದಳು. ಯಾರಿಗೆ ನೆರವು ಬೇಕೆಂದು ಕೇಳಲು ಹುಟ್ಟಿದ ಪರೀಕ್ಷೆ, ಯಾರು ಅಯೋಗ್ಯರೆಂದು ತೀರ್ಪು ಕೊಡುವ ಆಯುಧವಾಯಿತು.

ಅವಗ್ರಹ, ಈಹಾ, ಅವಾಯ, ಧಾರಣಾ ಎಂದು ಮತಿಜ್ಞಾನಕ್ಕೇ ನಾಲ್ಕು ಹಂತಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಮತಿ-ಶ್ರುತಗಳ ಒಂದು ಅಂಶವನ್ನಷ್ಟೇ ಈ ಪರೀಕ್ಷೆ ಮುಟ್ಟಬಲ್ಲದು. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಸ್ಮರಿಸಿರುವ ಶಿವಭೂತಿ ಮುನಿಗಳಿಗೆ ಗುರುಗಳು ಹೇಳಿಕೊಟ್ಟ ಮಾತೂ ನೆನಪಿನಲ್ಲಿ ನಿಲ್ಲಲಿಲ್ಲ. ‘ತುಷ-ಮಾಷ’ ಎಂದಷ್ಟೇ ಉಳಿಯಿತು. ಉದ್ದಿನ ಸಿಪ್ಪೆ ಬೇರೆ, ಬೇಳೆ ಬೇರೆ; ಹಾಗೆಯೇ ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನದಿಂದ ಅವರು ಕೇವಲಜ್ಞಾನ ಪಡೆದರು. ಸ್ಮರಣೆಯ ಪರೀಕ್ಷೆಯಲ್ಲಿ ಅವರಿಗೆ ಎಷ್ಟು ಅಂಕ ಸಿಗುತ್ತಿತ್ತು?

ಈ ವಿಚಾರ ಕೇವಲ ತರ್ಕವಿನೋದವಲ್ಲ. ಪರರ ಜ್ಞಾನಕ್ಕೆ ಅಂತರಾಯ ಒಡ್ಡುವುದು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಎಚ್ಚರಿಸುತ್ತದೆ. ಮಗುವನ್ನು ‘ದಡ್ಡ’ನೆಂದು ಕರೆದು ಅದರ ಪುಸ್ತಕ ಮುಚ್ಚಿಸುವ ತಂದೆತಾಯಿಯೂ, ಅಂಕಿ ನೋಡಿ ವಿದ್ಯಾರ್ಥಿನಿಲಯದ ಬಾಗಿಲು ಹಾಕುವ ಟ್ರಸ್ಟೂ ಆ ದೋಷದಿಂದ ಮುಕ್ತರಲ್ಲ. ಪರೀಕ್ಷೆ ಮಾಡಿಸಬೇಕಾಗಿ ಬಂದರೆ ಬಿನೆಯವರ ಮೂಲ ಪ್ರಶ್ನೆಯನ್ನೇ ಕೇಳೋಣ: ಈ ಮಗುವಿಗೆ ನಾವು ಯಾವ ನೆರವು ನೀಡಬೇಕು? ಅಂಕಿ ಕಡಿಮೆಯಾದಷ್ಟೂ ಶಾಸ್ತ್ರದಾನದ ಹೊಣೆ ಹೆಚ್ಚುತ್ತದೆ. ಆವರಣಕ್ಕೆ ಕ್ಷಯೋಪಶಮ ಉಂಟೆಂದು ನಂಬಿದವರು ಯಾವ ಮಗುವಿನ ವಿಷಯದಲ್ಲೂ ಕೊನೆಯ ಮಾತನ್ನು ಆಡಲಾಗದು.