ಮೊದಲು ಊರಿಗೆ ಹೋಗುವ ದಿನ, ಆಮೇಲೆ ಮೊಟ್ಟೆಗೆ ಕಾವು

ಕೋರದ ಕಡೆ ಹಿತ್ತಲಲ್ಲಿ ನಾಲ್ಕು ಕೋಳಿ ಇರುವ ಮನೆಗಳಲ್ಲಿ ಪ್ರಯಾಣದ ಮಾತೆತ್ತಿದರೆ ಮೊದಲು ಏಳುವ ಪ್ರಶ್ನೆ, ಪಿಳ್ಳೆಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು. ಪ್ರಶ್ನೆ ಸರಿ, ಕೇಳುವ ಹೊತ್ತು ತಪ್ಪು. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ, ಯುಗಾದಿ ಕಳೆದ ಮೇಲೆ ಎಡೆಯೂರು ತೇರು, ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ. ಇವೆಲ್ಲ ತಿಂಗಳುಗಟ್ಟಲೆ ಮೊದಲೇ ಗೊತ್ತಿರುವ ದಿನಗಳು, ನಮಗೋಸ್ಕರ ಸರಿಯುವಂಥವಲ್ಲ. ನಮ್ಮ ಕೈಯಲ್ಲಿರುವುದು ಹೇಂಟೆಯನ್ನು ಕಾವಿಗೆ ಕೂರಿಸುವ ದಿನವೊಂದೇ. ಅದನ್ನೇ ಕೋಳಿಯ ಮರ್ಜಿಗೆ ಬಿಟ್ಟು, ಆಮೇಲೆ ಪ್ರಯಾಣ ರದ್ದಾಯಿತೆಂದು ಮನೆಮಂದಿಯೆಲ್ಲ ಮುಖ ಗಂಟು ಹಾಕಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಲೆಕ್ಕ ಸರಳ. ಮೊಟ್ಟೆಯೊಡೆದು ಮರಿ ಬರಲು 21 ದಿನ, ಗರಿ ಬಲಿತು ಮರಿ ತನ್ನ ಮೈ ತಾನೇ ಬೆಚ್ಚಗಿಟ್ಟುಕೊಳ್ಳಲು ಸುಮಾರು ಆರು ವಾರ. ಒಟ್ಟು ಒಂಬತ್ತು ವಾರ. ಆದರೆ ಈ ವಾರಗಳ ಹೊರೆ ಒಂದೇ ಸಮನಲ್ಲ. ಕಾವಿಗೆ ಕೂತ ಹೇಂಟೆ ದಿನಕ್ಕೊಮ್ಮೆ ಎದ್ದು, ಕಾಳು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ ಅರ್ಧ ಗಂಟೆಯೊಳಗೆ ಗೂಡಿಗೆ ಮರಳುತ್ತದೆ. ಅದಕ್ಕೆ ಕಾಳು ನೀರು ಇಡಲು ಪಕ್ಕದ ಮನೆಯವರು ಒಮ್ಮೆ ಬಂದುಹೋದರೆ ಸಾಕು. ಹೊರೆಯೆಲ್ಲ ಮರಿ ಹೊರಬಂದ ಮೊದಲ ನಾಲ್ಕು ವಾರದಲ್ಲಿ. ತಾಯಿಯಿಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಕೊಕ್ಕರೆ ರೋಗದ ಲಸಿಕೆ ಮೊದಲ ವಾರದಲ್ಲಿ, ಗುಂಬೊರೊ ಲಸಿಕೆ 14ನೇ ದಿನದ ಆಸುಪಾಸು, ಕೊಕ್ಕರೆ ರೋಗಕ್ಕೆ ಮತ್ತೊಮ್ಮೆ 28ನೇ ದಿನದ ಹೊತ್ತಿಗೆ. ಹಾಗಾಗಿ ಫೆಬ್ರವರಿ ಮೊದಲ ವಾರದಲ್ಲಿ ಕಾವಿಗಿಟ್ಟರೆ ರಜೆ ಶುರುವಾಗುವಷ್ಟರಲ್ಲಿ ಮರಿಗಳು ದಡ ಸೇರಿರುತ್ತವೆ. ಮಾರ್ಚ್ ಮೊದಲ ವಾರದಲ್ಲಿ ಇಟ್ಟರೆ, ಮಕ್ಕಳು ಧರ್ಮಸ್ಥಳಕ್ಕೆ ಚೀಲ ಕಟ್ಟುವ ಹೊತ್ತಿಗೆ ಬಲ್ಬಿನ ಕೆಳಗೆ ಎರಡು ವಾರದ ಪಿಳ್ಳೆಗಳು. ಕಾವಿಗೆ ಬಂದ ಕೋಳಿ ಕಾಯುತ್ತದೆಯೇ ಎಂದು ಕೇಳಬಹುದು. ಅದರಡಿ ಒಂದೆರಡು ಹುಸಿ ಮೊಟ್ಟೆಯಿಟ್ಟು, ಒಳ್ಳೆಯ ಮೊಟ್ಟೆಗಳನ್ನು ತಂಪಾದ ಜಾಗದಲ್ಲಿ ಒಂದು ವಾರದವರೆಗೆ ತೆಗೆದಿಡಬಹುದು. ಅದಕ್ಕೂ ಮೀರಿದರೆ ಮರಿಯಾಗುವ ಮೊಟ್ಟೆ ಕಡಿಮೆಯಾಗುತ್ತಾ ಹೋಗುತ್ತದೆ.

ಪಕ್ಕದ ಮನೆಯವರಿಗೇ ಮರಿಗಳನ್ನೂ ಒಪ್ಪಿಸಿ ಹೋದರೇನು ಎನ್ನುವವರಿದ್ದಾರೆ. ಕಾಳು ನೀರು ಹಾಕುವುದನ್ನು ಹೇಳಿಕೊಡಬಹುದು. ನೋಡಿ ತಿಳಿಯುವುದನ್ನು ಒಂದು ದಿನದಲ್ಲಿ ಹೇಳಿಕೊಡಲಾಗದು. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡು ಕಿರುಚುತ್ತಿದ್ದರೆ ಚಳಿ. ತಗಡಿನ ಅಂಚಿಗೆ ಸರಿದು, ರೆಕ್ಕೆ ಜೋಲುಬಿಟ್ಟು, ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಒಂದೇ ಮೂಲೆಗೆ ಗುಂಪುಗೂಡಿದ್ದರೆ ಎಲ್ಲಿಂದಲೋ ಗಾಳಿ ಹೊಡೆಯುತ್ತಿದೆ. ಅಲ್ಲಲ್ಲಿ ಹರಡಿಕೊಂಡು ಕೆದಕುತ್ತಿದ್ದರೆ ಎಲ್ಲ ನೆಟ್ಟಗಿದೆ. ನಡುರಾತ್ರಿ ಕರೆಂಟು ಹೋದಾಗ ಇದನ್ನು ನೋಡಲು ಪರರ ಮನೆಯವರು ಎದ್ದು ಬರಬೇಕೆಂದು ಬಯಸುವುದು ನ್ಯಾಯವೂ ಅಲ್ಲ. ತಾನೇ ತುಂಬಿಕೊಳ್ಳುವ ನೀರಿನ ಡಬ್ಬಿ ನೀರನ್ನೇನೋ ಕೊಡುತ್ತದೆ. ಆದರೆ ಸೋರಿದ ನೀರಿನಿಂದ ಕೆಳಗಿನ ಹೊಟ್ಟು ತೊಯ್ದರೆ ರಕ್ತಭೇದಿ ಕಾಲಿಡುತ್ತದೆ. ಒದ್ದೆ ಹೊಟ್ಟನ್ನು ಬದಲಿಸಲು ಕೈಯೇ ಬೇಕು.

ಇವಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ: ನಾಟಿ ಹೇಂಟೆ ತಾನೇ ಮರಿ ಸಾಕುವಾಗ ನಮಗೇನು ಕೆಲಸ? ಬಹುಪಾಲು ಒಪ್ಪಬೇಕಾದ ಮಾತು. ಶಾಖ ಕೊಡುವುದು, ಕೆದಕಲು ಕಲಿಸುವುದು, ಹದ್ದಿನ ನೆರಳು ಕಂಡೊಡನೆ ಕೂಗಿ ರೆಕ್ಕೆಯಡಿ ಸೇರಿಸಿಕೊಳ್ಳುವುದು ಅದಕ್ಕೆ ಗೊತ್ತು. ಗೊತ್ತಿಲ್ಲದ್ದು ಸಂಜೆ ಗೂಡಿನ ಬಾಗಿಲು ಹಾಕುವುದೊಂದೇ; ಬೆಕ್ಕು, ಮುಂಗುಸಿಗಳು ಕಾಯುವುದೂ ಅದನ್ನೇ. ಆದ್ದರಿಂದ ತಾಯಿಕೋಳಿಯಿರುವ ಮನೆಯವರು ಬಾಗಿಲು ಹಾಕುವವರೊಬ್ಬರನ್ನು ಗೊತ್ತುಮಾಡಿ ಎರಡು ದಿನ ಹೋಗಿಬರಬಹುದು. 1989ರಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಹೊರಬಂದ ಗಿರಿರಾಜ, 2005ರ ಸ್ವರ್ಣಧಾರದಂಥ ತಳಿಯ ಒಂದು ದಿನದ ಮರಿಗಳನ್ನು ಡಬ್ಬದಲ್ಲಿ ತಂದವರಿಗೆ ಈ ರಿಯಾಯಿತಿ ಇಲ್ಲ. ಆ ಮರಿಗಳು ಊರಿಂದೂರಿಗೆ ಬಂದದ್ದು ಹೊಟ್ಟೆಯೊಳಗೆ ಉಳಿದ ಹಳದಿ ಭಾಗದ ಬಲದಿಂದ. ಅದು ಎರಡು ಮೂರು ದಿನದ ಬುತ್ತಿ ಮಾತ್ರ. ಅದನ್ನು ನೆಚ್ಚಿ ವಾರದ ಮರಿಗಳನ್ನೂ ಕಾರಿನ ಡಿಕ್ಕಿಯಲ್ಲಿಟ್ಟು ತಿರುಗಾಡಿಸಬಾರದು.

ಸಾವು, ಕಾಯಿಲೆಗಳು ಹೇಳಿಕೇಳಿ ಬರುವುದಿಲ್ಲ, ನಿಜ. ಅದಕ್ಕೆ ಹೊಲದ ಕೆಲಸದ ಹಳೆಯ ಮುಯ್ಯಿಯೇ ಉತ್ತರ. ಕೋಳಿ ಬಲ್ಲ ಎರಡು ಮನೆಯವರು ಮಾತಾಡಿಕೊಂಡು ಒಂದೇ ತಿಂಗಳಲ್ಲಿ ಮರಿ ಮಾಡಿಸದಿದ್ದರೆ, ಒಬ್ಬರ ಕಷ್ಟಕ್ಕೆ ಇನ್ನೊಬ್ಬರ ಪಳಗಿದ ಕಣ್ಣು ಒದಗುತ್ತದೆ. ವರ್ಷದಲ್ಲಿ ನಾಲ್ಕು ವಾರವೂ ಒಟ್ಟಿಗೆ ಮನೆಯಲ್ಲಿ ನಿಲ್ಲಲಾಗದವರು ಒಂದು ದಿನದ ಮರಿ ತರುವುದೇ ಬೇಡ, ಆರು ವಾರದ್ದನ್ನು ಕೊಳ್ಳಲಿ. ಬೆಲೆ ಹೆಚ್ಚು, ಆದರೆ ಆ ಹೆಚ್ಚಿನ ದುಡ್ಡು, ನೀವು ಊರು ಸುತ್ತುವಾಗ ನಿಮ್ಮ ಪರವಾಗಿ ಮನೆಯಲ್ಲಿ ಕೂತವರ ಕೂಲಿ.